ಹಿಂದಿನ ಟಾಯರ್ ದಪ್ಪಾದರೆ ಗಾಡಿ ಗಟ್ಟಿಯಾಗದು

ಅಕ್ಕಲಕೋಟ: ಇಲ್ಲಿಯ ಯಾವುದೇ ಟಾಯರ್ ಅಂಗಡಿ ಮುಂದೆ ಅರ್ಧ ತಾಸು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಹಿಂದ ಎರಡು ದಪ್ಪ ಟಾಯರ್ ಹಾಕ್ಸಿಬಿಡ್ರಿ ಮಾಲಕ್ರ, ಗಾಡಿ ನೆಲಾ ಹಿಡದು ಕೂಡ್ತದ." ಕೇಳುವವನು ವಡಾಪ್ ಜೀಪಿನವನಿರಬಹುದು, ಹೊಸದಾಗಿ ಬೊಲೆರೊ ಕೊಂಡ ದ್ರಾಕ್ಷಿ ತೋಟದ ರೈತನಿರಬಹುದು, ಅಪ್ಪನ ಕಾರು ಕೈಗೆ ಸಿಕ್ಕ ಕಾಲೇಜು ಹುಡುಗನಿರಬಹುದು. ಮುಂದೆ ಕಂಪನಿ ಕೊಟ್ಟ ಟಾಯರ್, ಹಿಂದೆ ಒಂದು ಸೈಜು ದೊಡ್ಡದು. ಜತ್ತದಲ್ಲೂ ಇದೇ, ಮಂಗಳವೇಢೆಯಲ್ಲೂ ಇದೇ, ಗಡಿ ದಾಟಿ ಇಂಡಿ, ಅಫಜಲಪುರಕ್ಕೆ ಹೋದರೂ ಇದೇ ಮಾತು.

ಮಾಡುವವರನ್ನು ಪೂರ್ತಿ ದೂರುವಂತಿಲ್ಲ. ಜೇಬಿನ ಲೆಕ್ಕ ಅವರಿಗೂ ಇದೆ. ನಾಲ್ಕು ಟಾಯರಿಗೆ ಒಮ್ಮೆಲೇ ದುಡ್ಡು ಹೊಂದುವುದಿಲ್ಲ, ಎರಡಕ್ಕೆ ಹೊಂದುತ್ತದೆ. ಜನ, ಚೀಲ, ಕ್ಯಾನು ಎಲ್ಲಾ ಕೂಡುವುದು ಹಿಂದೆ. ಹೀಗಾಗಿ ಗಟ್ಟಿ ಬೇಕಾದದ್ದೂ ಹಿಂದೆಯೇ ಎಂಬುದು ಅವರ ತರ್ಕ. ಹಿಂದಿನಿಂದ ನೋಡಿದರೆ ಗಾಡಿ ರುಬಾಬಾಗಿ ಕಾಣುತ್ತದೆ ಎಂಬುದೂ ಉಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಎದುರು ವಾದಿಸಿದರೆ ಸಿದ್ಧ ಉತ್ತರ ಒಂದಿದೆ: "ಟ್ರ್ಯಾಕ್ಟರ್‌ಗೆ ಹಿಂದ ದೊಡ್ಡ ಗಾಲಿ ಇಲ್ಲೇನ್ರಿ?"

ಇದೆ. ಆದರೆ ಟ್ರ್ಯಾಕ್ಟರ್ ಹುಟ್ಟಿದ್ದೇ ಹಾಗೆ. ಎರಿ ಮಣ್ಣಿನಲ್ಲಿ ನೇಗಿಲು ಎಳೆಯಲು ಹಿಂದಿನ ಗಾಲಿಗೆ ಹಿಡಿತ ಬೇಕು. ಅದರ ಭಾರ, ಗೇರು, ಬ್ರೇಕು ಎಲ್ಲವನ್ನೂ ಆ ದೊಡ್ಡ ಗಾಲಿಯನ್ನು ಲೆಕ್ಕಕ್ಕೆ ಹಿಡಿದೇ ಮಾಡಿರುತ್ತಾರೆ. ಅದು ತಾಸಿಗೆ 80-90 ಕಿ.ಮೀ. ವೇಗದಲ್ಲಿ ತಿರುವು ಹೊಡೆಯುವ ಯಂತ್ರವಲ್ಲ. ಬೊಲೆರೊ, ಸ್ವಿಫ್ಟ್ ಆ ಕೆಲಸ ಮಾಡುತ್ತವೆ. ಪ್ರಶ್ನೆ ಇರುವುದೇ ಆ ತಿರುವಿನಲ್ಲಿ.

ಟಾಯರ್ ಮೈಮೇಲಿನ ಅಂಕಿ

ಮೊದಲು ಅಳತೆ ನೋಡೋಣ. ಬೊಲೆರೊಗೆ ಕಂಪನಿ ಕೊಡುವ ಟಾಯರ್ ಮೇಲೆ 215/75 ಆರ್ 15 ಎಂದು ಬರೆದಿರುತ್ತದೆ. 215 ಎಂದರೆ ಟಾಯರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75ರಷ್ಟು. 15 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಬಹಳ ಜನ ನಡುವಿನ 75 ಎಂಬುದನ್ನೂ ಮಿಲಿಮೀಟರ್ ಎಂದೇ ತಿಳಿಯುತ್ತಾರೆ. ಗೊಂದಲ ಶುರುವಾಗುವುದು ಇಲ್ಲಿಂದಲೇ. ಅದು ಶೇಕಡಾವಾರು ಆದ್ದರಿಂದ ಅಗಲ ಹೆಚ್ಚಿಸಿದರೆ ಎತ್ತರವೂ ತಾನಾಗಿ ಹೆಚ್ಚುತ್ತದೆ.

ಕೂಡಿಸಿ ನೋಡಿದರೆ 215/75ರ ಒಟ್ಟು ಎತ್ತರ ಸುಮಾರು 703 ಮಿ.ಮೀ. ಅದರ ಬದಲು ಅದೇ ರಿಮ್ಮಿಗೆ 235/75 ಹಾಕಿದರೆ ಎತ್ತರ 733 ಮಿ.ಮೀ. ಆಗುತ್ತದೆ. "ಬರೇ 20 ಹೆಚ್ಚು" ಎಂದು ಅಂಗಡಿಯವರು ಹೇಳುವುದು ಅಗಲದ ಮಾತು. ಎತ್ತರದಲ್ಲಿ 30 ಮಿ.ಮೀ. ಏರಿರುತ್ತದೆ. ಗಾಲಿಯ ಒಂದು ಸುತ್ತು 2210 ಮಿ.ಮೀ. ಇದ್ದದ್ದು 2304 ಮಿ.ಮೀ. ಆಗುತ್ತದೆ, ಅಂದರೆ ಶೇ. 4ಕ್ಕೂ ತುಸು ಹೆಚ್ಚು. ಹಿಂದೆ ಮಾತ್ರ ಹಾಕಿದರೆ ಗಾಡಿಯ ಹಿಂಭಾಗ 15 ಮಿ.ಮೀ. ಎದ್ದು ಮೂಗು ಅಷ್ಟೇ ಬಗ್ಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗಲು ಮುಂದಿನ ಗಾಲಿಯ ಜೋಡಣೆಯಲ್ಲಿ ಒಂದು ಸಣ್ಣ ಓರೆ ಇಟ್ಟಿರುತ್ತಾರೆ. ಮೂಗು ಬಗ್ಗಿದಷ್ಟು ಆ ಓರೆ ಕಡಿಮೆಯಾಗುತ್ತದೆ. ಅಂತರ ಸಣ್ಣದು, ಆದರೆ ದಿನಾ ಓಡಿಸುವ ಡ್ರೈವರನ ಕೈಗೆ ತಿಳಿಯುತ್ತದೆ. "ಸ್ಟೇರಿಂಗ್ ಹಗುರ ಆಯ್ತು" ಎಂದು ಖುಷಿಪಡುವವರೂ ಇದ್ದಾರೆ.

ಕಂಪನಿಯವರು ಹೇಗೆ ಮಾಡುತ್ತಾರೆ ಎಂಬುದಕ್ಕೆ ಸ್ವಿಫ್ಟ್ ಒಳ್ಳೆಯ ಉದಾಹರಣೆ. ಕಡಿಮೆ ದರದ ನಮೂನೆಗೆ 165/80 ಆರ್ 14, ಮೇಲಿನ ದರದ್ದಕ್ಕೆ 185/65 ಆರ್ 15 ಕೊಡುತ್ತಾರೆ. ರಿಮ್ ಒಂದು ಇಂಚು ಹೆಚ್ಚಾಯಿತು, ಅಗಲ 20 ಮಿ.ಮೀ. ಹೆಚ್ಚಾಯಿತು. ಆದರೆ ಗೋಡೆ ಕುಗ್ಗಿಸಿದ್ದರಿಂದ ಎರಡರ ಒಟ್ಟು ಎತ್ತರದಲ್ಲಿರುವ ಅಂತರ 2 ಮಿ.ಮೀ. ಮಾತ್ರ. ಅದೂ ನಾಲ್ಕೂ ಗಾಲಿಗೆ ಒಂದೇ ಅಳತೆ.

ತಿರುವಿನಲ್ಲಿ ಏನಾಗುತ್ತದೆ

ಒಂದು ಟಾಯರ್ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ನಾಲ್ಕು ಅಂಗೈಯಗಲ ರಬ್ಬರಿನ ಮೇಲೆ ಇಡೀ ಗಾಡಿ, ಅದರೊಳಗಿನ ಸಂಸಾರ ಎಲ್ಲಾ ನಿಂತಿರುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಸರಿಯಾಗಿ ಅದೇ ದಿಕ್ಕಿಗೆ ಹೋಗುವುದಿಲ್ಲ. ರಬ್ಬರ್ ತಿರುಚಿಕೊಂಡು ತುಸು ಹೊರಕ್ಕೆ ಜಾರುತ್ತ ಹೋಗುತ್ತದೆ. ಇದು ದೋಷವಲ್ಲ, ಎಲ್ಲಾ ಟಾಯರಿನ ಗುಣ. ಗಾಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮುಂದಿನ ಜೋಡಿ ಹೆಚ್ಚು ಜಾರುತ್ತದೋ ಹಿಂದಿನ ಜೋಡಿ ಹೆಚ್ಚು ಜಾರುತ್ತದೋ ಎಂಬುದರ ಮೇಲೆ ನಿಂತಿದೆ.

ಮುಂದಿನದು ಹೆಚ್ಚು ಜಾರಿದರೆ ಗಾಡಿ ತಿರುಗಲು ಒಲ್ಲೆ ಎನ್ನುತ್ತದೆ, ಮೂಗು ಹೊರಗೆ ಹೋಗುತ್ತದೆ. ಹಿಂದಿನದು ಹೆಚ್ಚು ಜಾರಿದರೆ ಬಾಲ ಬೀಸುತ್ತದೆ, ಗಾಡಿ ಸುತ್ತು ಹಾಕುತ್ತದೆ. ಎರಡನೆಯದು ಹೆಚ್ಚು ಅಪಾಯ. ಸಾಮಾನ್ಯ ಮನುಷ್ಯ ಹೆದರಿದಾಗ ಮಾಡುವುದು ಎರಡೇ ಕೆಲಸ, ಎಕ್ಸಲೇಟರ್ ಬಿಡುವುದು ಮತ್ತು ಬ್ರೇಕ್ ಒತ್ತುವುದು. ಎರಡರಿಂದಲೂ ಭಾರ ಮುಂದಕ್ಕೆ ವಾಲಿ ಹಿಂದಿನ ಗಾಲಿ ಇನ್ನೂ ಹಗುರಾಗುತ್ತದೆ, ಬಾಲ ಇನ್ನೂ ಬೀಸುತ್ತದೆ. ಆದ್ದರಿಂದಲೇ ಕಂಪನಿಗಳು ಗಾಡಿಯನ್ನು ಮೊದಲನೆಯ ಗುಣದ ಕಡೆಗೆ ಸ್ವಲ್ಪ ವಾಲಿಸಿ ಮಾಡಿರುತ್ತವೆ. ವೇಗ ಹೆಚ್ಚಾದರೆ ಮೂಗು ತುಸು ಹೊರಗೆ ಎಳೆಯುತ್ತದೆ, ಡ್ರೈವರ್ ಎಚ್ಚರಾಗುತ್ತಾನೆ, ವೇಗ ಇಳಿಸಿದರೆ ಗಾಡಿ ಸಾಲಿಗೆ ಬರುತ್ತದೆ. ಈ "ಸ್ವಲ್ಪ" ಎಂಬುದು ಎಷ್ಟಿರಬೇಕು ಎಂದು ಅಳೆದು ತೂಗಿ ಇಟ್ಟಿರುತ್ತಾರೆ.

ಈಗ ಹಿಂದೆ ಮಾತ್ರ ಅಗಲ ಟಾಯರ್ ಹಾಕಿ. ಒಣ ರಸ್ತೆಯ ಮೇಲೆ ಹಿಂದಿನ ಜೋಡಿಗೆ ಹಿಡಿತ ಹೆಚ್ಚಿತು. ಅಂಗಡಿಯವನ ಮಾತಿನಲ್ಲಿ ಅರ್ಧ ಖರೆ ಇದೆ ಎನ್ನುವುದು ಇಷ್ಟಕ್ಕೇ. ಆದರೆ ಮುಂದಿನ ಜೋಡಿ ಇದ್ದಲ್ಲೇ ಇದೆ. ಹಿಂದಿನದು ಗಟ್ಟಿ ಹಿಡಿದು ನೆಟ್ಟಗೆ ದೂಡುತ್ತದೆ, ಮುಂದಿನದಕ್ಕೆ ತಿರುಗಿಸುವ ತಾಕತ್ತು ಅಷ್ಟೇ ಇದೆ. ನೆಟ್ಟನೆಯ ರಸ್ತೆಯಲ್ಲಿ "ಗಾಡಿ ರೈಲಿನಂಗ ಹೋಗ್ತದ" ಎನಿಸುವುದು ಇದರಿಂದಲೇ. ಅದೇ ಗಾಡಿ ತಿರುವಿನಲ್ಲಿ ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತದೆ. ಎಡ ತಿರುವಿನಲ್ಲಿ ಹೊರಗೆ ಎಂದರೆ ಎದುರು ಬರುವ ಗಾಡಿಯ ಸಾಲು. ಬಲ ತಿರುವಿನಲ್ಲಿ ಹೊರಗೆ ಎಂದರೆ ರಸ್ತೆಯ ಎಡ ಅಂಚು, ಜನ ನಡೆಯುವ ಜಾಗ.

ಈ ಭಾಗದ ರಸ್ತೆ ಬಲ್ಲವರಿಗೆ ಆ ಅಂಚು ಎಂಥದ್ದು ಎಂದು ಹೇಳಬೇಕಿಲ್ಲ. ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ಹಿಂದೆ ಕೆಂಪು ದೀಪವಿಲ್ಲದ ಟ್ರಾಲಿಗಳು ಅಲ್ಲೇ ಹೋಗುತ್ತವೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮದೇವಿಗೆ ನಡೆದು ಹೋಗುವ ವಿಜಯಪುರ ಕಡೆಯ ಹೆಣ್ಣುಮಕ್ಕಳು, ಮುದುಕರು ಅದೇ ಅಂಚು ಹಿಡಿದು ನಡೆಯುತ್ತಾರೆ. ಎರಡೂ ಬರುವುದು ಒಂದೇ ಕಾಲಕ್ಕೆ.

ಇನ್ನು ಮಳೆ. ಇಲ್ಲಿ ಜೋರು ಮಳೆ ಬಹಳ ಸಲ ಸಪ್ಟೆಂಬರಿಗೇ ಬರುತ್ತದೆ. ಹೊಲದಿಂದ ಏರಿದ ಟ್ರ್ಯಾಕ್ಟರ್ ಗಾಲಿಯ ಎರಿ ಮಣ್ಣು ಡಾಂಬರಿನ ಮೇಲೆ ಬಿದ್ದು ನೆನೆದರೆ ಬೆಣ್ಣೆ ಹಚ್ಚಿದಂತೆ. ಅಗಲ ಟಾಯರಿನ ದುರ್ಗುಣ ಹೊರಗೆ ಬರುವುದು ಆಗ. ಭಾರ ಅಷ್ಟೇ, ಹವಾ ಅಷ್ಟೇ ಇದ್ದರೆ ಟಾಯರ್ ಅಗಲವಾದ ಮಾತ್ರಕ್ಕೆ ನೆಲಕ್ಕೆ ತಾಗುವ ಒಟ್ಟು ಜಾಗ ಬಹಳ ಹೆಚ್ಚುವುದಿಲ್ಲ. ಆ ಅಂಗೈಯ ಆಕಾರ ಬದಲಾಗುತ್ತದೆ, ಉದ್ದ ಕಡಿಮೆಯಾಗಿ ಅಡ್ಡ ಹೆಚ್ಚುತ್ತದೆ. ಅಡ್ಡ ಹೆಚ್ಚಿದ ಟಾಯರ್ ಎದುರಿಗೆ ಬಂದ ನೀರನ್ನೂ ಹೆಚ್ಚು ಸರಿಸಬೇಕು. ಸರಿಸಲು ಆಗದಿದ್ದರೆ ನೀರಿನ ಮೇಲೆ ತೇಲುತ್ತದೆ. ಕಿರಿದಾದ ಮುಂದಿನ ಟಾಯರ್ ನೀರು ಕತ್ತರಿಸಿ ನೆಲ ಮುಟ್ಟಿರುವಾಗ, ಅಗಲವಾದ ಹಿಂದಿನದು ತೇಲಿಬಿಟ್ಟರೆ ಬಾಲ ಬೀಸಿತೆಂದೇ ಲೆಕ್ಕ.

ಅಂದರೆ ಒಂದೇ ಗಾಡಿಗೆ ಎರಡು ಸ್ವಭಾವ. ವರ್ಷದ ಬಹುಪಾಲು ಒಣ ರಸ್ತೆಯಲ್ಲಿ ಮೂಗು ಹೊರಗೆ ಎಳೆಯುವ ಗಾಡಿಗೆ ಡ್ರೈವರನ ಕೈ ಹೊಂದಿಕೊಂಡಿರುತ್ತದೆ, "ತುಸು ಹೆಚ್ಚು ತಿರುಗಿಸಬೇಕು" ಎಂದು ಕೈಗೆ ರೂಢಿಯಾಗಿರುತ್ತದೆ. ಮೊದಲ ದೊಡ್ಡ ಮಳೆಯ ದಿನ ಅದೇ ಕೈ ಅದೇ ರೂಢಿಯಂತೆ ತಿರುಗಿಸುತ್ತದೆ, ಗಾಡಿ ಮಾತ್ರ ತದ್ವಿರುದ್ಧ ನಡೆದುಕೊಳ್ಳುತ್ತದೆ. ಟಾಯರ್ ದೊಡ್ಡದು ಮಾಡಿದ್ದಕ್ಕಿಂತ ದೊಡ್ಡ ತಪ್ಪು ಇದೇ. ಗಾಡಿ ಹೇಗೆ ನಡೆದೀತು ಎಂಬ ಭರವಸೆಯನ್ನೇ ಕಿತ್ತು ಹಾಕಿದಂತೆ.

"ಇಷ್ಟ ವರ್ಷದಿಂದ ಓಡಸ್ಲಿಕ್ಕತ್ತೀನಿ, ಏನೂ ಆಗಿಲ್ಲ" ಎನ್ನುವ ಅಣ್ಣಂದಿರು ಎಲ್ಲಾ ಊರಲ್ಲೂ ಸಿಗುತ್ತಾರೆ. ಅವರ ಮಾತು ಸುಳ್ಳಲ್ಲ. ರಸ್ತೆ ಕೆಟ್ಟಿದ್ದಾಗ 40-50ರ ಮೇಲೆ ಯಾರೂ ಹೋಗುತ್ತಿರಲಿಲ್ಲ, ದೋಷ ಮುಚ್ಚಿಹೋಗುತ್ತಿತ್ತು. ಈಗ ಸೊಲ್ಲಾಪುರ-ವಿಜಯಪುರ ನಡುವಿನ 52ನೇ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥವಾಗಿದೆ. ತಿರುವಿನಲ್ಲಿ ಗಾಡಿಯನ್ನು ಹೊರಗೆ ದಬ್ಬುವ ಜೋರು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ತಿರುವನ್ನು 40ರ ಬದಲು 80ರಲ್ಲಿ ತೆಗೆದುಕೊಂಡರೆ ಆ ಜೋರು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೆದ್ದಾರಿಯ ವೇಗದ ರುಚಿ ಹತ್ತಿದ ಕಾಲು ಊರಿನ ಒಂಟಿ ರಸ್ತೆಗೆ ಇಳಿದ ಮೇಲೂ ಬೇಗ ಮೇಲೆ ಏಳುವುದಿಲ್ಲ.

ಹಿಂದೆ ದಪ್ಪ ಟಾಯರ್ ಹಾಕಿದ ಕಂಪನಿಗಳೂ ಇವೆ

ನ್ಯಾಯವಾಗಿ ಇದನ್ನೂ ಹೇಳಬೇಕು. ಜರ್ಮನಿಯ ಪೋರ್ಷೆ 911 ಕಾರಿನ ಎಂಜಿನ್ ಹಿಂದಿನ ಆಕ್ಸಲಿಗಿಂತಲೂ ಹಿಂದೆ ಇದೆ. ಭಾರವೆಲ್ಲ ಬಾಲದಲ್ಲಿ ಇರುವುದರಿಂದ ಮೊದಲಿನ ಕಾರುಗಳು ತಿರುವಿನಲ್ಲಿ ಬಾಲ ಬೀಸುವುದಕ್ಕೆ ಹೆಸರಾಗಿದ್ದವು. 1973ರ ಕರೇರಾ ಆರ್.ಎಸ್. ನಮೂನೆಯಲ್ಲಿ ಕಂಪನಿಯವರು ಮುಂದೆ 185/70, ಹಿಂದೆ 215/60 ಹಾಕಿದರು, ರಿಮ್ ಎರಡೂ ಕಡೆ 15 ಇಂಚು. ಹಿಂದೆ ಅಗಲ 30 ಮಿ.ಮೀ. ಹೆಚ್ಚು. ಆದರೆ ಎತ್ತರದ ಲೆಕ್ಕ ಹಾಕಿದರೆ ಮುಂದಿನದು 640, ಹಿಂದಿನದು 639 ಮಿ.ಮೀ. ಒಂದೇ ಒಂದು ಮಿಲಿಮೀಟರಿನ ಅಂತರ! ಜೊತೆಗೆ ಹಿಂದಿನ ರಿಮ್ಮನ್ನೂ ಒಂದು ಇಂಚು ಅಗಲ ಮಾಡಿದ್ದರು. ಹಿಂದೆ ಭಾರ ಹೆಚ್ಚಿದ್ದ ಗಾಡಿಗೆ ಹಿಂದೆ ಅಗಲ ಕೊಟ್ಟರು, ಎತ್ತರ ಮುಟ್ಟಲಿಲ್ಲ. ನಮ್ಮ ಕಡೆ ಸ್ವಿಫ್ಟ್, ವ್ಯಾಗನ್-ಆರ್‌ನಂಥ ಎಂಜಿನ್ನೂ ಮುಂದೆ, ಎಳೆಯುವ ಗಾಲಿಯೂ ಮುಂದೆ ಇರುವ ಕಾರಿಗೆ ಹಿಂದೆ ದಪ್ಪ ಹಾಕುತ್ತಾರೆ. ಎಳೆಯುವುದು, ತಿರುಗಿಸುವುದು, ಹೆಚ್ಚಿನ ಬ್ರೇಕ್ ಹಿಡಿಯುವುದು ಮೂರೂ ಮುಂದಿನ ಜೋಡಿಯ ಕೆಲಸ. ಹಿಂದಿನದಕ್ಕೆ ಅಲಂಕಾರ ಮಾಡಿ ಉಪಯೋಗ ಏನು?

ಇನ್ನೊಂದು ಕಥೆ ಅಮೆರಿಕದ್ದು, ವಡಾಪಿನವರು ಕೇಳಲೇಬೇಕಾದದ್ದು. ಶೆವರ್ಲೆ ಕಂಪನಿ 1960ರ ನಮೂನೆಯಾಗಿ ಕೊರ್ವೇರ್ ಎಂಬ ಕಾರು ತಂದಿತು. ಅದರದೂ ಎಂಜಿನ್ ಹಿಂದೆ. ಟಾಯರ್ ನಾಲ್ಕೂ ಒಂದೇ ಅಳತೆ, ಆದರೆ ಹವಾ ಮಾತ್ರ ಮುಂದೆ 15, ಹಿಂದೆ 26 ಪೌಂಡು ಇರಬೇಕೆಂದು ಕಂಪನಿ ಹೇಳಿತ್ತು. ಬಾಲ ಹಿಡಿತದಲ್ಲಿ ಇರಲು ಆ ಅಂತರವೇ ಆಧಾರ. ನಾಲ್ಕಕ್ಕೂ ಒಂದೇ ಹವಾ ಹೊಡೆಸಿದರೆ ಆ ಆಧಾರವೇ ಹೋಯಿತು. ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಈ ಕಾರನ್ನು ಹಿಗ್ಗಾಮುಗ್ಗಾ ಟೀಕಿಸಿದರು. ಆ ಕಾಲದ ಬೇರೆ ಕಾರುಗಳಿಗಿಂತ ಇದೇನೂ ಹೆಚ್ಚು ಕೆಟ್ಟದ್ದಲ್ಲ ಎಂದು 1972ರಲ್ಲಿ ಅಲ್ಲಿಯ ಸರಕಾರದ ವರದಿ ಹೇಳಿತು, ಅದು ಬೇರೆ ಮಾತು. ಇಲ್ಲಿ ತೆಗೆದುಕೊಳ್ಳಬೇಕಾದದ್ದು ಒಂದೇ: ಟಾಯರ್ ಬದಲಿಸದೆ ಬರೇ ಹವಾದಿಂದ ಗಾಡಿಯ ಸ್ವಭಾವ ಬದಲಾಗುತ್ತದೆ.

ಹಿಂದೆ ಎಂಟು-ಹತ್ತು ಜನ ತುಂಬಿದ ಜೀಪಿಗೂ ಇದೇ ಲೆಕ್ಕ. ಭಾರ ಬಾಲಕ್ಕೆ ಬಿದ್ದಾಗ ಹಿಂದಿನ ಟಾಯರ್ ಹೆಚ್ಚು ತಿರುಚಿಕೊಳ್ಳುತ್ತದೆ, ಹೆಚ್ಚು ಜಾರುತ್ತದೆ. ಹವಾ ಕಡಿಮೆ ಇದ್ದರಂತೂ ಹೇಳಲೇಬೇಡಿ. ದಪ್ಪ ಟಾಯರಿಗೆ ದುಡ್ಡು ಸುರಿಯುವವರು ಹುಡುಕುವ "ಗಟ್ಟಿತನ" ಬಹುಪಾಲು ಇಲ್ಲೇ ಸಿಗುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಥವಾ ಬಾಗಿಲಿನ ಅಂಚಿನಲ್ಲಿ ಒಂದು ಸ್ಟಿಕರ್ ಇರುತ್ತದೆ. ಟಾಯರಿನ ಅಳತೆ, ಮುಂದೆ ಎಷ್ಟು ಹವಾ, ಹಿಂದೆ ಎಷ್ಟು ಹವಾ, ಬಹಳಷ್ಟು ಗಾಡಿಗಳಲ್ಲಿ ಭಾರ ತುಂಬಿದಾಗ ಎಷ್ಟು ಎಂಬುದೂ ಅದರಲ್ಲಿ ಬರೆದಿರುತ್ತದೆ. ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಓದಿದವರು ಅದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಮರೆಯುತ್ತಾರೆ. ಈ ಸ್ಟಿಕರಿನಲ್ಲಿ ಇರುವುದು ಚಿತ್ರ ಮತ್ತು ಅಂಕಿ. ಓದಲು ಯಾವ ಭಾಷೆಯೂ ಬೇಕಿಲ್ಲ. ಆದರೂ ಪಂಪಿನ ಹುಡುಗ "ಕಿತಿ?" ಎಂದು ಕೇಳಿದರೆ "ಚಾರೂ ಸಾರಖೇ" ಎಂದು ಉತ್ತರ ಕೊಡುವವರೇ ಹೆಚ್ಚು.

ಹಾಗಂತ ಹವಾ ಹೆಚ್ಚಿಸಿ ಮಿತಿ ಮೀರಿ ಜನ ತುಂಬಿರಿ ಎಂದಲ್ಲ. ಪ್ರತಿ ಟಾಯರಿಗೂ ಹೊರುವ ಮಿತಿ ಇದೆ. ಅಳತೆಯ ಪಕ್ಕದಲ್ಲಿ 85 ಎಂಬ ಅಂಕಿ ಇದ್ದರೆ ಅದು ಹೊರುವುದು 515 ಕಿಲೋ. ಟಾಯರ್ ದೊಡ್ಡದು ಹಾಕಿದ ಮಾತ್ರಕ್ಕೆ ಪಾಟಾ, ಆಕ್ಸಲ್, ಬ್ರೇಕು ದೊಡ್ಡವಾಗುವುದಿಲ್ಲ. ಬ್ರೇಕಿನ ವಿಷಯದಲ್ಲಂತೂ ಉಲ್ಟಾ. ಗಾಲಿ ದೊಡ್ಡದಾದಷ್ಟು ಅದನ್ನು ನಿಲ್ಲಿಸಲು ಅದೇ ಡ್ರಮ್ಮು ಹೆಚ್ಚು ಹೆಣಗಬೇಕು.

ಉಲ್ಟಾ ತಪ್ಪು

ದಪ್ಪ ಹಾಕುವವರಿಗಿಂತ ಹೆಚ್ಚು ಜನ ಮಾಡುವ ಇನ್ನೊಂದು ತಪ್ಪಿದೆ. ಎರಡು ಹೊಸ ಟಾಯರ್ ತಂದರೆ ಮುಂದೆ ಹಾಕುವುದು, ಸವೆದದ್ದನ್ನು ಹಿಂದಕ್ಕೆ ತಳ್ಳುವುದು. "ಸ್ಟೇರಿಂಗ್ ಮುಂದ ಅದ, ಫುಟ್ಟಿದ್ರ ಮುಂದಿಂದು ಫುಟ್ಟಬಾರ್ದು" ಎಂಬ ಹಿರಿಯರ ಮಾತು. ಅಳತೆ ಒಂದೇ ಇದ್ದರೂ ಹಿಂದೆ ಬೋಳು ಟಾಯರ್ ಇದ್ದರೆ ಮಳೆಯಲ್ಲಿ ಅದು ಮೊದಲು ತೇಲುತ್ತದೆ, ಬಾಲ ಬೀಸುತ್ತದೆ. ಎರಡೇ ಹೊಸತು ಕೊಂಡರೆ ಅವನ್ನು ಹಿಂದೆಯೇ ಹಾಕಿ ಎಂದು ದೊಡ್ಡ ಟಾಯರ್ ಕಂಪನಿಗಳೇ ಹೇಳುತ್ತವೆ, ಎಳೆಯುವ ಗಾಲಿ ಮುಂದಿದ್ದರೂ ಸರಿ. ಮುಂದಿನದು ಜಾರಿದರೆ ಡ್ರೈವರಿಗೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ. ಹಿಂದಿನದು ಜಾರಿದ್ದು ಗೊತ್ತಾಗುವ ಹೊತ್ತಿಗೆ ಗಾಡಿ ಅಡ್ಡ ತಿರುಗಿರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ ಪ್ರಕಾರ ಕಾರಿನ ಟಾಯರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಹಿಂದಿನ ಜೋಡಿ ಹಾಗೂ ಹೀಗೂ ಆ ಅಳತೆಗೆ ಬಂದಿದ್ದರೆ ಮಳೆಗಾಲದವರೆಗೆ ಕಾಯಬಾರದು.

ಸೆಕೆಂಡ್ ಹ್ಯಾಂಡ್ ಟಾಯರ್ ಕೊಳ್ಳುವವರು ಗೆರೆ ನೋಡಿ ಖುಷಿಪಟ್ಟು ಬರುತ್ತಾರೆ, ವಯಸ್ಸು ನೋಡುವುದಿಲ್ಲ. ಪಕ್ಕದ ಗೋಡೆಯ ಮೇಲೆ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2318 ಎಂದಿದ್ದರೆ 2018ರ 23ನೇ ವಾರ. ಹಳೆಯ ರಬ್ಬರ್ ಬಿರುಸಾಗಿರುತ್ತದೆ, ಗೆರೆ ಎಷ್ಟೇ ಇದ್ದರೂ ನೆಲ ಹಿಡಿಯುವುದಿಲ್ಲ.

ಲೆಕ್ಕ ತಪ್ಪುವ ಇತರ ಜಾಗಗಳು

ವ್ಯವಹಾರಸ್ಥರಿಗೆ ಈ ಲೆಕ್ಕ ಬೇಗ ಹಿಡಿಸೀತು. ಬೊಲೆರೊದಲ್ಲಿ ಎಳೆಯುವುದು ಹಿಂದಿನ ಗಾಲಿ. ಕಿಲೋಮೀಟರ್ ಲೆಕ್ಕ ಗೇರ್‌ಬಾಕ್ಸಿನಿಂದ ಬರುವ ಗಾಡಿಯಲ್ಲಿ ಹಿಂದಿನ ಗಾಲಿಯ ಸುತ್ತು ಶೇ. 4ರಷ್ಟು ಹೆಚ್ಚಾದರೆ ಮೀಟರಿಗೆ ಗೊತ್ತಾಗುವುದಿಲ್ಲ. ಮೀಟರಿನಲ್ಲಿ 600 ಕಿ.ಮೀ. ಇದ್ದರೆ ಗಾಡಿ ಓಡಿದ್ದು 625. ಐವತ್ತು ಲೀಟರ್ ಡೀಸೆಲ್ ಹೋಗಿದ್ದರೆ ಮಾಲೀಕ 12ರ ಆವರೇಜ್ ಎಂದು ಬರೆದುಕೊಳ್ಳುತ್ತಾನೆ, ನಿಜ 12.5. "ದಪ್ಪ ಟಾಯರ್ ಹಾಕಿದ ಮ್ಯಾಲೆ ಆವರೇಜ್ ಬಿತ್ತು" ಎಂಬ ಗೊಣಗಾಟದಲ್ಲಿ ಒಂದು ಪಾಲು ಈ ಮೀಟರಿನದು, ಉಳಿದದ್ದು ನಿಜವಾದ ಹೊರೆ. ವೇಗವೂ ಹಾಗೇ, ಮುಳ್ಳು 80 ತೋರಿಸುವಾಗ ಗಾಡಿ 83ಕ್ಕೂ ಹೆಚ್ಚು ಹೋಗುತ್ತಿರಬಹುದು. ಸ್ಪೀಡೋಮೀಟರನ್ನು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ, ಆ ಕಾಳಜಿಯನ್ನು ಟಾಯರ್ ಬದಲಿಸಿ ತಿಂದುಹಾಕಿದಂತೆ. ಸ್ವಿಫ್ಟ್‌ನಂಥ ಕಾರಿನಲ್ಲಿ ಎಳೆಯುವುದು ಮುಂದಿನ ಗಾಲಿಯಾದ್ದರಿಂದ ಮೀಟರಿನ ಈ ತಕರಾರು ಇಷ್ಟಿಲ್ಲ, ತಿರುವಿನ ತಕರಾರು ಇದ್ದೇ ಇದೆ.

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದು ಕೆಲಸ ಮಾಡುವುದೇ ನಾಲ್ಕೂ ಗಾಲಿಯ ಸುತ್ತನ್ನು ಹೋಲಿಸಿ ನೋಡಿ. ಯಾವುದು ನಿಧಾನ ತಿರುಗುತ್ತದೋ ಅದು ಜಾಮ್ ಆಗುತ್ತಿದೆ ಎಂದು ಅದು ಅರ್ಥ ಮಾಡಿಕೊಳ್ಳುತ್ತದೆ. ಹಿಂದಿನ ಗಾಲಿ ದೊಡ್ಡದಿದ್ದರೆ ಅದು ಯಾವಾಗಲೂ ನಿಧಾನವೇ. ಸಣ್ಣ ಅಂತರ ಅದು ಸಹಿಸುತ್ತದೆ, ಆದರೆ ಕಷ್ಟಕಾಲಕ್ಕೆಂದು ಇಟ್ಟ ಸಹನೆಯನ್ನು ದಿನಾ ಖರ್ಚು ಮಾಡಿದಂತಾಯಿತು. ಫೋರ್-ವ್ಹೀಲ್ ಡ್ರೈವ್ ಜೀಪಿನವರು ಮುಂದೊಂದು ಹಿಂದೊಂದು ಅಳತೆ ಇಟ್ಟುಕೊಂಡು ಡಾಂಬರಿನ ಮೇಲೆ ಫೋರ್ ಹಾಕಿದರೆ ಒಳಗಿನ ಗೇರುಗಳು ಒಂದನ್ನೊಂದು ಜಗ್ಗಾಡಿ ಹಾಳಾಗುತ್ತವೆ.

ಕಾಯ್ದೆಯ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ನಮೂನೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಅಪಘಾತವಾದ ಮೇಲೆ ವಿಮೆಯವರು ಗಾಡಿ ನೋಡಲು ಬಂದಾಗ ಕಣ್ಣಿಗೆ ಬೀಳುವ ಮೊದಲ ವಸ್ತುಗಳಲ್ಲಿ ಟಾಯರೂ ಒಂದು.

ಆದರೆ ಕಾಯ್ದೆ ತೋರಿಸಿ ಹೆದರಿಸುವುದಕ್ಕಿಂತ ಹೆಚ್ಚಿನ ಕೆಲಸ ಪಾಸಿಂಗಿನ ದಿನವೇ ಆಗಬಹುದು. ದೀಪ, ಹಾರ್ನು, ಹೊಗೆ ನೋಡುವವರು ಮುಂದಿನ ಟಾಯರಿನ ಅಂಕಿ, ಹಿಂದಿನ ಟಾಯರಿನ ಅಂಕಿ, ಬಾಗಿಲಿನ ಸ್ಟಿಕರಿನ ಅಂಕಿ ಮೂರನ್ನು ಓದಿ ಹೋಲಿಸಲು ಎರಡು ನಿಮಿಷ ಸಾಕು. ಗಡಿಯಲ್ಲಿ ಇದು ಹೆಚ್ಚು ಬೇಕು. ಎಂ.ಎಚ್.-13 ಗಾಡಿ ದಿನವಿಡೀ ಕರ್ನಾಟಕದಲ್ಲಿ ಓಡುತ್ತದೆ, ಕೆ.ಎ.-28 ಗಾಡಿ ಸೊಲ್ಲಾಪುರದ ಮದುವೆ ಹಾಲ್ ಮುಂದೆ ನಿಂತಿರುತ್ತದೆ. ಇವರದು ಅವರು ನೋಡುವುದಿಲ್ಲ, ಅವರದು ಇವರು ನೋಡುವುದಿಲ್ಲ. ಟಾಯರ್ ಅಂಗಡಿಯವರೂ ಗಿರಾಕಿ ಕೇಳಿದ್ದನ್ನು ಕೊಟ್ಟೆವು ಎಂದು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಹಳೆ ಗಿರಾಕಿಗೆ "ಬ್ಯಾಡ ಕಾಕಾ, ಹಿಂದಷ್ಟೇ ಬ್ಯಾಡ, ನಾಕೂ ಕಂಪನಿ ಅಳತಿವೇ ಹಾಕ್ರಿ" ಎಂದು ಹೇಳಿದರೆ ಆತ ಬೇರೆ ಅಂಗಡಿಗೆ ಹೋಗಬಹುದು, ಹೋಗದೆಯೂ ಇರಬಹುದು.

ಈಗಾಗಲೇ ಹಿಂದೆ ದಪ್ಪ ಹಾಕಿಸಿಕೊಂಡವರಿಗೆ ದಾರಿ ಎರಡು. ಹಳೆ ಜೋಡಿ ಮೂಲೆಯಲ್ಲಿ ಬಿದ್ದಿದ್ದು ಇನ್ನೂ ಗೆರೆ ಇದ್ದರೆ, ವಯಸ್ಸೂ ಆಗಿಲ್ಲದಿದ್ದರೆ ಅದನ್ನೇ ಹಿಂದಕ್ಕೆ ಹಾಕುವುದು. ಇಲ್ಲವಾದರೆ ಕಂಪನಿ ಅಳತೆಯ ಹೊಸ ಜೋಡಿ. ಅಲ್ಲಿಯವರೆಗೆ ತಿರುವಿಗೆ ಮೊದಲೇ ವೇಗ ಇಳಿಸುವುದು, ಮಳೆಯಲ್ಲಿ ಇನ್ನೂ ಇಳಿಸುವುದು.

ಇನ್ನೊಂದು, ಸ್ಟೆಪ್ನಿ. ಹಿಂದೆ ಎರಡು ದಪ್ಪ ಹಾಕಿಸಿದವರು ಸ್ಟೆಪ್ನಿ ಬದಲಿಸಿರುವುದಿಲ್ಲ. ಗುಡ್ಡಾಪುರದ ಜಾತ್ರೆಗೆ ಹೊರಟ ಗಾಡಿ ಜತ್ತದ ಹತ್ತಿರ ರಾತ್ರಿ ಹಿಂದಿನ ಪಂಚರ್ ಆಗಿ ನಿಂತರೆ ಒಂದು ಬದಿಗೆ 733, ಇನ್ನೊಂದು ಬದಿಗೆ 703ರ ಗಾಲಿ ಹಾಕಿಕೊಂಡು ಹೊರಡಬೇಕು. ಗಾಡಿ ಒಂದು ಕಡೆಗೆ ಎಳೆಯುತ್ತದೆ, ಒಳಗಿನ ಡಿಫರೆನ್ಷಿಯಲ್ ನೆಟ್ಟನೆಯ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಕಾಯುತ್ತದೆ. ಹೀಗಾಗಿ ಬೆಳಗ್ಗೆ ಹೊರಡುವ ಮೊದಲು, ಟಾಯರ್ ತಣ್ಣಗಿರುವಾಗಲೇ ನಾಲ್ಕರ ಹವಾ ಸ್ಟಿಕರಿನಂತೆ ನೋಡಿಸಿ, ಐದನೆಯದರ ಹವಾ ಮತ್ತು ಅದರ ಮೈಮೇಲಿನ ಅಂಕಿಯನ್ನೂ ಒಮ್ಮೆ ಓದಿಕೊಂಡು ಹೊರಡಬೇಕು.